ತಳ್ಳಿಕೊಂಡು ಬಂದ ಗಾಡಿ

ಬೆಳಿಗ್ಗೆ ಗಾಡಿಯ ಮುಂದೆ ಒಡೆದ ತೆಂಗಿನಕಾಯಿಯ ಹೋಳನ್ನು ತುರಿಯುತ್ತ ಕೂತಿದ್ದೆ. ಮಧ್ಯಾಹ್ನದ ಹುಳಿಗೆ ಅದೇ ಕಾಯಿ ಹಾಕಿದರೆ ಪ್ರಸಾದ ಎಲ್ಲರ ಹೊಟ್ಟೆಗೂ ಸೇರುತ್ತದೆ ಅಂತ ಲೆಕ್ಕ. ತುರಿಮಣೆಯ ಮೇಲೆ ಕೂತರೆ ಫೋನಿಗೆ ಏಳುವುದು ನನಗೆ ಕಷ್ಟ, ಮಗಳೇ ಎತ್ತಿದಳು. ಆಗ ಅವಳು ಐದನೇ ಕ್ಲಾಸು. "ಹಾಂ ಚಾಚಾ... ಅಚ್ಛಾ... ಕಹಾಂ?" ಅಂದವಳು ರಿಸೀವರನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು.

"ಅಮ್ಮಾ, ಪಪ್ಪನ ಗಾಡಿ ಠೋಕ್ ಆಯ್ತಂತೆ. ಚಾಚಾ ಹಾಸ್ಪಿಟಲಿಂದ ಮಾತಾಡ್ತಿದಾರೆ. ಪಪ್ಪ ಹೋಶ್‌ನಲ್ಲೇ ಇದಾರಂತೆ, ಅದನ್ನ ಪೆಹಲೇ ಹೇಳು ಅಂದ್ರು."

ನನ್ನ ಮೈದುನನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ಅಣ್ಣನಿಗೆ ಎಚ್ಚರವಿದೆ ಅಂತ ಮಗುವಿಗೆ ಮೊದಲು ಹೇಳಬೇಕು ಎಂಬ ಬುದ್ಧಿ ಆ ಹೊತ್ತಿನಲ್ಲಿ ಅವನಿಗೆ ಬಂತಲ್ಲ, ಅದು ಆ ದಿನ ದೇವರು ಮಾಡಿದ ಮೊದಲ ಉಪಕಾರ ಅಂತ ಎಣಿಸಿಕೊಂಡೆ. ಹಾಗೆ ಎಣಿಸುವುದು ಅಮ್ಮನಿಂದ ಬಂದ ಅಭ್ಯಾಸ. ತುರಿದದ್ದನ್ನು ಮುಚ್ಚಿಟ್ಟು, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಉಟ್ಟ ಸೀರೆಯಲ್ಲೇ ಆಟೋ ಹತ್ತಿದೆ.

ಗಾಡಿಯ ವಿಷಯ ಮೊದಲು ಹೇಳಬೇಕು. ನಾವು ಕುಂದಾಪುರದ ಕಡೆಯವರು. ರಾಜಧಾನಿಯ ರೋಹಿಣಿ ಬಡಾವಣೆಯಲ್ಲಿ ನಮ್ಮದೊಂದು ಇಡ್ಲಿ-ದೋಸೆಯ ಹೋಟೆಲು. ನಮ್ಮವರು ಗಲ್ಲೆ ಮತ್ತು ಹೊರಗಿನ ಊಟದ ಆರ್ಡರು ನೋಡಿಕೊಂಡರೆ ಮೈದುನ ಅಡಿಗೆಮನೆ. ಮೆಟ್ರೋ ರೈಲು ನಮ್ಮ ಕಡೆಗೆ ಬಂದ ಹೊಸತು ಅದು. ಕೊಪ್ಪರಿಗೆ, ಒಲೆ, ಗ್ರೈಂಡರ್ ಹೊರಲು ಒಂದು ಹಳೆಯ ಪಿಕಪ್ ಇತ್ತು. ಬಾಡಿ ಗಟ್ಟಿ, ಇಂಜಿನ್ ಮಾತ್ರ ಮುಗಿದಿತ್ತು. ಫ್ಲೈಓವರ್ ಏರುವಾಗ ಕಪ್ಪು ಹೊಗೆ ಕಾರಿ ನಿಂತುಬಿಡುತ್ತಿತ್ತು, ಹಿಂದಿನವರ ಬೈಗುಳವೆಲ್ಲ ನಮ್ಮವರಿಗೆ. ಹಿಂದಿನಿಂದ ಲಾರಿ ಗುದ್ದಿ ನಜ್ಜುಗುಜ್ಜಾದ ಹೊಸ ಮಾದರಿಯ ಗಾಡಿಯೊಂದರ ಡೀಸೆಲ್ ಇಂಜಿನ್ ಗುಜರಿಯಲ್ಲಿ ಸಿಕ್ಕಿತು. ಕಾಗದಪತ್ರವೂ ಸರಿಯಿತ್ತು. ಅದನ್ನೇ ಇದಕ್ಕೆ ಕೂರಿಸುವುದು ಅಂತ ಅಣ್ಣತಮ್ಮ ನಿಶ್ಚಯ ಮಾಡಿದರು.

ಕೆಲಸ ಹಿಡಿದದ್ದು ನಮ್ಮ ಹಿಂದಿನ ಗಲ್ಲಿಯ ಗಾಡಿ ರಿಪೇರಿಯ ಮಿಸ್ತ್ರಿ. ಐವತ್ತು ದಾಟಿದ ಮನುಷ್ಯ, ಒಬ್ಬರೇ ಶೆಡ್ಡು ನಡೆಸುತ್ತಿದ್ದರು. ಭಾರ ಎತ್ತುವ ದಿನ ಪಂಕ್ಚರ್ ಅಂಗಡಿಯವನನ್ನು ಕರೆಯುತ್ತಿದ್ದರು. ಟೆರೇಸಿನಲ್ಲಿ ಬಟ್ಟೆ ಹರವುವಾಗ ನನಗೆ ಎಲ್ಲ ಕಾಣುತ್ತಿತ್ತು. ಹಳೆಯ ಇಂಜಿನ್ನನ್ನು ಸರಪಳಿ ರಾಟೆಗೆ ಕಟ್ಟಿ ಎಳೆದರೆ ಅದು ಸುಲಭಕ್ಕೆ ಬಿಡಲಿಲ್ಲ. ದೊಡ್ಡ ಸುತ್ತಿಗೆಯಲ್ಲಿ ಹೊಡೆದು ಹೊಡೆದು ಬಿಡಿಸಿದರು. ಬಾನೆಟ್ಟಿನ ಒಳಗಿನಿಂದ ಎಣ್ಣೆ ಸುರಿಯುತ್ತಿದ್ದದ್ದು ಕಸಾಯಿ ಅಂಗಡಿಯ ಹಾಗೆ ಕಂಡು ನಾನು ಮುಖ ತಿರುಗಿಸಿದೆ. ಹೊಸದು ಹಳೆಯದರ ಜಾಗದಲ್ಲಿ ಕೂರಲಿಲ್ಲ. ಅಡ್ಡಪಟ್ಟಿಯನ್ನು ಗ್ಯಾಸಿನಲ್ಲಿ ಕತ್ತರಿಸಿ, ಬೇರೆ ಕಾಲು ಮಾಡಿ ಬೆಸುಗೆ ಹಾಕಿದರು. ಆರು ದಿನ ಹಿಡಿಯಿತು. ಚಹಾ ಕೊಡಲು ಹೋದಾಗ ಮಿಸ್ತ್ರಿ ಬಾನೆಟ್ ತೆರೆದು ಒಂದು ಕಪ್ಪು ರಬ್ಬರ್ ಪೈಪ್ ತೋರಿಸಿದರು.

"ಭಾಭಿಜಿ, ಬ್ರೇಕ್ ಹಗುರಾಗಿ ಹಿಡಿಯಬೇಕಾದರೆ ಗಾಳಿ ಎಳೆಯುವ ಪಂಪ್ ಬೇಕು. ಡೀಸೆಲ್ ಇಂಜಿನ್ ತಾನಾಗಿ ಎಳೆಯುವುದಿಲ್ಲ. ಈ ಹೊಸ ಇಂಜಿನ್ನಿನ ಪಂಪ್ ಎಡಗಡೆ, ನಿಮ್ಮ ಗಾಡಿಯ ಬ್ರೇಕ್ ಬಲಗಡೆ. ಪೈಪ್ ಉದ್ದ ಮಾಡಿ ಸುತ್ತಿಸಿ ತಂದಿದ್ದೇನೆ. ಬಿಸಿಯಾದರೆ ರಬ್ಬರ್ ಮೆತ್ತಗಾಗಿ ಕ್ಲಿಪ್ ಜಾರುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿಯಬೇಕು."

ಅರ್ಥವಾಯಿತು ಅಂತ ತಲೆಯಾಡಿಸಿದೆ. ನಿಜವಾಗಿಯೂ ಅರ್ಥವಾಗಿತ್ತು. ಅದೇ ನನಗೆ ಈಗಲೂ ಚುಚ್ಚುವುದು.

ಪೂಜೆಗೆ ಶುಕ್ರವಾರ ಗೊತ್ತುಮಾಡಿದ್ದೆ. ನಮ್ಮಲ್ಲಿ ಹೊಸ ಯಂತ್ರ ಮೊದಲ ಸಲ ಓಡುವುದು ದೇವರ ಎದುರಿಗೆ. ಇದಕ್ಕೆ ಹೊಸ ಜೀವ ಬಂದ ಹಾಗಲ್ಲವೇ, ಆದ್ದರಿಂದ ಗುಡಿಗೆ ಹೋಗುವ ಮುಂಚೆ ಆ ಇಂಜಿನ್ನಿನ ಬಲದಲ್ಲಿ ಚಕ್ರ ಒಂದು ಸುತ್ತೂ ತಿರುಗಕೂಡದು ಅಂತ ಹಟ ಹಿಡಿದೆ. ನಿಲ್ಲಿಸಿಟ್ಟು ಸ್ಟಾರ್ಟ್ ಮಾಡಿ ನೋಡಿಕೊಳ್ಳಿ, ಓಡಿಸಬೇಡಿ ಅಂದೆ. ಹಾಗಾಗಿ ಶೆಡ್ಡಿನಿಂದ ನಮ್ಮ ಬಾಗಿಲಿನವರೆಗೆ ಗಾಡಿಯನ್ನು ತಳ್ಳಿಕೊಂಡು ಬರಬೇಕಾಯಿತು. ಹೋಟೆಲಿನ ಇಬ್ಬರು ಅಡಿಗೆಯವರು, ಪಂಕ್ಚರ್ ಅಂಗಡಿಯವನು, ಮೈದುನ. ಸ್ಟೀರಿಂಗ್ ಹಿಡಿದು ಮಿಸ್ತ್ರಿ. ಗಲ್ಲಿಯ ಜನ ಕಿಟಕಿಯಿಂದ ನೋಡಿ ನಕ್ಕರು. "ಮದುಮಗಳನ್ನ ಪಲ್ಲಕ್ಕಿಯಲ್ಲಿ ತರ್ತಿದೀವಿ, ದಾರಿ ಬಿಡಿ ಭಾಯಿ" ಅಂತ ಮಿಸ್ತ್ರಿಯೂ ಕೂಗಿದರು.

ನಮ್ಮವರು ಒಳಗೆ ಮಡಿ ಪಂಚೆ ಉಡುತ್ತಿದ್ದರು. ಮೈದುನ ಅಡಿಗೆಯವರನ್ನು ಕರೆದುಕೊಂಡು ಹೋಟೆಲಿಗೆ ಹೋಗಿಯಾಗಿತ್ತು. ಬಾಗಿಲಲ್ಲಿ ನಾನು ಮತ್ತು ಮಿಸ್ತ್ರಿ ಮಾತ್ರ.

"ಈಗಲಾದರೂ ಬೀಗದ ಕೈ ಕೊಡಿ ಭಾಭಿಜಿ, ರಿಂಗ್ ರೋಡಿನವರೆಗೆ ಒಂದು ರೌಂಡ್ ಹೊಡೆದು ತರುತ್ತೇನೆ."

"ಪೂಜೆಗೆ ಮುಂಚೆ ಬೇಡ."

"ಅಚ್ಛಾ, ಪೂಜೆಯಾದ ಮೇಲೆ."

ಆ ಬೆಳಿಗ್ಗೆ ಅವರು ಶೆಡ್ಡಿನ ಬಾಗಿಲಲ್ಲಿ ಕೂತು ಮೊಟ್ಟೆ ಪರಾಠ ತಿನ್ನುವುದನ್ನು ಟೆರೇಸಿನಿಂದ ನೋಡಿದ್ದೆ. ಪೂಜೆಯಾದ ಗಾಡಿಯ ಸ್ಟೀರಿಂಗನ್ನು ಆ ಕೈ ಮೊದಲು ಹಿಡಿಯುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. "ಪೂಜೆಯಾದ ಮೇಲೆ ಮೊದಲು ಯಜಮಾನರೇ ಓಡಿಸಬೇಕು" ಅಂದೆ.

ಅವರು ಬಾನೆಟ್ಟಿನ ಮೇಲೆ ಕೈಯಿಟ್ಟರು. "ಹಾಗಾದರೆ ಭಾಯಿಸಾಹೇಬರಿಗೆ ಹೇಳಿ, ಗುಡಿಯಿಂದ ಸೀದಾ ನನ್ನ ಹತ್ತಿರ ತರಲಿ. ಲೋಡ್ ಹಾಕುವ ಮುಂಚೆ. ಮರೆಯಬೇಡಿ."

ಮರೆತೆ. ನಮ್ಮವರು ಹೊರಗೆ ಬರುವ ಹೊತ್ತಿಗೆ ರಾಹುಕಾಲ ಹತ್ತಿರವಾಗಿತ್ತು, ನಿಂಬೆಹಣ್ಣು ಎರಡೇ ಸಿಕ್ಕಿದ್ದವು, ಇನ್ನೆರಡಕ್ಕೆ ಓಡಿದೆ. ಗುಡಿ ಅರ್ಧ ಕಿಲೋಮೀಟರ್ ದೂರ, ಮೊದಲ ಓಟ ದೇವರ ಕಡೆಗೇ ಅಂತ ನಮ್ಮವರೇ ಓಡಿಸಿಕೊಂಡು ಹೋದರು. ಭಟ್ಟರು ಮಂಗಳಾರತಿ ಮಾಡಿದರು, ನಾಲ್ಕೂ ಚಕ್ರ ನಿಂಬೆಹಣ್ಣಿನ ಮೇಲೆ ಹಾಯ್ದವು, ಬ್ರೇಕ್ ಬೆಣ್ಣೆಯ ಹಾಗೆ ಹಿಡಿಯಿತು. "ಒಳ್ಳೇ ಇಂಜಿನ್ ಮಾರಾಯ್ತಿ" ಅಂದರು ನಮ್ಮವರು. ಇಂದಿರಾಪುರಂನಲ್ಲಿ ಒಂದು ನಿಶ್ಚಿತಾರ್ಥದ ಊಟವಿತ್ತು. ಹೋಟೆಲಿಗೆ ಹೋಗಿ ಲೋಡ್ ಹಾಕಿಕೊಂಡು ಹೊರಟರು.

ಯಮುನೆ ದಾಟಿ ಫ್ಲೈಓವರ್ ಇಳಿಯುವಲ್ಲಿ ಕ್ಲಿಪ್ ಜಾರಿತು. ಬ್ರೇಕ್ ಒತ್ತಿದರೆ ಕಲ್ಲು ಒತ್ತಿದ ಹಾಗಾಯಿತಂತೆ. ಖಾಲಿ ಆಟೋ ಒಂದರ ಹಿಂಭಾಗಕ್ಕೆ ಬಡಿದು, ಅಲ್ಲಿಂದ ತಿರುಗಿ ಡಿವೈಡರಿಗೆ ಅಪ್ಪಳಿಸಿತು. ಕಟ್ಟಿದ್ದ ಗ್ರೈಂಡರ್ ಹಗ್ಗ ಹರಿದು ಹಿಂದಿನ ಗಾಜು ಒಡೆದುಕೊಂಡು ಅವರ ಭುಜಕ್ಕೆ ಬಂತು. ಕಾಲು ಪೆಡಲಿನ ಕೆಳಗೆ ಸಿಕ್ಕಿಕೊಂಡಿತ್ತು. ಅದು ಗೊತ್ತಾಗದೆ ಜನ ಬಾಗಿಲು ಕಿತ್ತು, ಕಾಲರ್ ಹಿಡಿದು ಎಳೆದರು, ಎಳೆಯುತ್ತಲೇ ಹೊಡೆದರು. ಕೊನೆಗೆ ತಡೆದವನು ಆ ಆಟೋದವನೇ. ಅವನ ಹಣೆಯಲ್ಲಿ ಒಂದು ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. "ಬಿಡ್ರೋ, ಕಾಲು ಕಿತ್ತು ಬರುತ್ತೆ" ಅಂತ ಅರಚಿದನಂತೆ. ಗಾಡಿಯ ಬಾಗಿಲ ಮೇಲೆ ಬರೆದಿದ್ದ ಹೋಟೆಲಿನ ನಂಬರಿಗೆ ಫೋನ್ ಮಾಡಿದವನೂ ಅವನೇ. ಅವನ ಹೆಸರು ಕೇಳಿಕೊಳ್ಳಲಿಲ್ಲ. ಆದರೂ ದಿನಾ ದೀಪ ಹಚ್ಚುವಾಗ ಅವನಿಗಾಗಿ ಕೈಮುಗಿಯುತ್ತೇನೆ.

ಆಸ್ಪತ್ರೆಯಲ್ಲಿ ಒಬ್ಬ ಹುಡುಗಿಯಂಥ ಡಾಕ್ಟರು ಚಾದರ ಸರಿಸಿ ತೋರಿಸಿದರು. "ಈ ಪಕ್ಕೆಲುಬಿನದು ಸ್ಟೀರಿಂಗ್ ಹೊಡೆತ. ಮೊಣಕಾಲಿನದು ಪೆಡಲಿನದು. ಇದು, ಇದು, ಇದು ಮನುಷ್ಯರದು." ಎಡಗಣ್ಣು ಮುಚ್ಚಿಹೋಗಿತ್ತು. ತುಟಿ ಹರಿದು ಒಳಗಿನ ಹಲ್ಲು ಕಾಣುತ್ತಿತ್ತು. ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರು. ಪಂಚೆಯ ಅಂಚಿನಲ್ಲಿ ಬೆಳಗಿನ ಕುಂಕುಮವೂ ರಕ್ತವೂ ಒಂದೇ ಬಣ್ಣವಾಗಿದ್ದವು. ಕಣ್ಣು ಉಳಿದಿದೆ ಅಂದರು, ಕಾಲು ಉಳಿಯುತ್ತದೆ ಅಂದರು. ಎರಡನ್ನೂ ಎಣಿಸಿಕೊಂಡೆ.

ಮೈದುನ ಗೋಡೆಗೆ ಒರಗಿ ನಿಂತಿದ್ದ. ಅಂಗಿಯ ಮೇಲೆಲ್ಲ ಅಣ್ಣನ ರಕ್ತ.

"ಬ್ರೇಕಿನ ಪೈಪ್ ಕಳಚಿಕೊಂಡು ನೇತಾಡ್ತಿತ್ತು ಅತ್ತಿಗೆ. ನಾನೇ ನೋಡಿದೆ. ಆ ಮುದುಕ ಕ್ಲಿಪ್ ಕೂಡ ಬಿಗೀಲಿಲ್ಲ. ಅವನು ಯಾವ ಕೈಯಲ್ಲಿ ಕೆಲಸ ಮಾಡಿದನೋ ಆ ಕೈ ಇರೂದಿಲ್ಲ ಇನ್ನು."

"ಏನು ಹೇಳ್ತಿದ್ದೀ ನೀನು?"

"ಹೇಳೂದಲ್ಲ, ಮಾಡೂದು."

ಹೊರಟುಬಿಟ್ಟ. ಬೈಕಿನ ಸದ್ದು ಮೂರನೇ ಮಹಡಿಗೆ ಕೇಳಿಸಿತು. ಆಗಲೇ ಓಡಿಹೋಗಿ ತಡೆದು ಹೇಳಬೇಕಿತ್ತು. ಸ್ಟೂಲಿನ ಮೇಲೆ ಕೂತು ವಿಷ್ಣು ಸಹಸ್ರನಾಮ ಶುರುಮಾಡಿದೆ. ನಾಲಿಗೆ ಹೆಸರು ಹೇಳುತ್ತಿತ್ತು, ಮನಸ್ಸು ಮಾತ್ರ ಬಾಗಿಲಲ್ಲಿ ನಿಂತ ಮಿಸ್ತ್ರಿಯ ಮಾತನ್ನೇ ಕೇಳುತ್ತಿತ್ತು: ಮರೆಯಬೇಡಿ. ಪೂಜೆಯಾದ ಮೇಲೂ ಟ್ರಯಲ್ ಬೇಡ ಅಂದದ್ದು ನಾನು, ಹೇಳಿಕಳಿಸಿದ್ದನ್ನು ಹೇಳದೆ ಹೋದದ್ದು ನಾನು. ಈ ಎರಡೂ ಗೊತ್ತಿದ್ದವರು ನಾನು ಮತ್ತು ಅವರು ಇಬ್ಬರೇ. ಅವರು ಹೇಳಿದರೆ ನನ್ನ ಮೈದುನ ನಂಬುವವನಲ್ಲ. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ಕೊನೆಯ ಮಾತು ಮನಸ್ಸಿಗೆ ಬಂತು, ಬಂದು ಸ್ವಲ್ಪ ಹೊತ್ತು ಕೂತಿತು ಕೂಡ. ಹೋಟೆಲಿನ ಸಪ್ಲೈಯರ್ ಒಬ್ಬ ಬಂದ. ಅವನನ್ನು ಮಂಚದ ಹತ್ತಿರ ಕೂರಿಸಿ, ನಾನು ಎದ್ದು ಆಟೋ ಹಿಡಿದೆ.

ರೋಹಿಣಿ ಮುಟ್ಟಲು ಒಂದು ಗಂಟೆಯ ಮೇಲೆ ಬೇಕಾಯಿತು. ಮಿಸ್ತ್ರಿ ಅಷ್ಟು ಹೊತ್ತು ಏನೋ ಸಾಮಾನು ತರಲು ಹೋಗಿದ್ದರಂತೆ. ಮೈದುನ ಇಬ್ಬರು ಅಡಿಗೆಯವರನ್ನು ಕರೆದುಕೊಂಡು ಬಂದು ಶೆಡ್ಡಿನಲ್ಲೇ ಕಾದು ಕೂತಿದ್ದ. ನಾನು ಗಲ್ಲಿ ತಿರುಗುವಾಗ ಜನ ಸೇರಿದ್ದರು. ಚಪ್ಪಲಿ ಕಾಲಿನ ಒದೆತದ ಸದ್ದು ಮಾತ್ರ ಕೇಳುತ್ತಿತ್ತು. ಮಾಂಸದ ಮೇಲೆ ಬೀಳುವ ಒದೆತಕ್ಕೆ ಸದ್ದು ಹೆಚ್ಚಿಲ್ಲ, ಒದ್ದೆ ಬಟ್ಟೆ ಕುಕ್ಕಿದ ಹಾಗೆ.

ಮಿಸ್ತ್ರಿ ನೆಲದಲ್ಲಿದ್ದರು. ಮೂಗಿನಿಂದ ಗಡ್ಡಕ್ಕೆ ರಕ್ತ ಇಳಿಯುತ್ತಿತ್ತು. ನಮ್ಮ ದೋಸೆ ಹೊಯ್ಯುವವನು ಅವರ ಭುಜ ಹಿಡಿದಿದ್ದ. ಇನ್ನೊಬ್ಬ ಬಲಗೈಯನ್ನು ಎಳೆದು, ಕಿತ್ತಿಟ್ಟ ಹಳೆಯ ಇಂಜಿನ್ನಿನ ಮೇಲೆ ಒತ್ತಿ ಹಿಡಿದಿದ್ದ. ಮೈದುನನ ಕೈಯಲ್ಲಿ ಜಾಕಿನ ರಾಡು.

"ಹೇಳು, ಪೈಪ್ ಯಾಕೆ ಬಿಗೀಲಿಲ್ಲ?"

"ಬಿಗಿದಿದ್ದೆ ಭಯ್ಯಾ. ಬಿಸಿಯಾದ ಮೇಲೆ ಮತ್ತೊಮ್ಮೆ ಬಿಗಿಯಬೇಕಿತ್ತು. ಟ್ರಯಲ್ ಆಗಲಿಲ್ಲ."

"ಟ್ರಯಲ್ ಇಲ್ಲದೆ ಗಾಡಿ ಕೊಡ್ತಾರಾ ಯಾರಾದರೂ? ಪೂಜೆಯಾದ ಮೇಲೆ ಯಾಕಾಗಲಿಲ್ಲ?"

ಆಗ ಮಿಸ್ತ್ರಿ ನನ್ನನ್ನು ನೋಡಿದರು. ಜನರ ಕಾಲುಗಳ ನಡುವಿನಿಂದ, ಕೆಳಗಿನಿಂದ ಮೇಲಕ್ಕೆ. "ಆಗಲಿಲ್ಲ" ಅಂದರು, ಅಷ್ಟೇ.

ನಾನು ಬಾಯಿ ತೆರೆದೆ. ರಾಡು ಮೇಲೆ ಹೋದದ್ದೂ ಕಂಡಿತು, ಇಳಿದದ್ದೂ ಕಂಡಿತು. ಒಣ ಕಡ್ಡಿ ಮುರಿದ ಹಾಗೆ ಎರಡು ಸದ್ದು ಒಂದರ ಹಿಂದೆ ಒಂದು. ಮಿಸ್ತ್ರಿ ಕೂಗಲಿಲ್ಲ, ಉಸಿರು ಒಳಗೆ ಎಳೆದುಕೊಂಡರು. ಆ ಒಂದು ಏಟು ಬಿದ್ದದ್ದು ನಾನು ಸುಮ್ಮನಿದ್ದದ್ದರಿಂದ. ಉಳಿದ ಯಾವುದಕ್ಕೆ ಬೇಕಾದರೂ ಬೇರೆ ಕಾರಣ ಹುಡುಕಬಹುದು, ಅದಕ್ಕಿಲ್ಲ.

"ಬಿಡು ಅವರನ್ನ. ನಾನೇ ಬೇಡ ಅಂದದ್ದು."

ಮೈದುನ ತಿರುಗಿಯೂ ನೋಡಲಿಲ್ಲ. "ಅತ್ತಿಗೆ, ನೀವು ಮನೆಗೆ ಹೋಗಿ. ಪಾಪ ಅಂತ ಸುಳ್ಳು ಹೇಳಬೇಡಿ."

ಇಷ್ಟು ವರ್ಷ ನಾನು ಗಳಿಸಿದ ಒಳ್ಳೆಯ ಹೆಸರು ಆವತ್ತು ಅಡ್ಡ ಬಂತು. ರಾಡು ಮತ್ತೆ ಎತ್ತಿದ. ಈ ಸಲ ನಾನು ಹೋಗಿ ಮಿಸ್ತ್ರಿಯ ಕೈಯ ಮೇಲೆ ನನ್ನ ಕೈ ಚಾಚಿದೆ. ಅವನು ತಡೆದುಕೊಳ್ಳಲು ನೋಡಿದ, ಅರ್ಧ ಮಾತ್ರ ತಡೆದ. ಐದಾರು ಗಾಜಿನ ಬಳೆ ಪುಡಿಯಾಗಿ ಮಣಿಕಟ್ಟಿನೊಳಗೆ ಇಳಿದವು. ಗಂಡ ಆಸ್ಪತ್ರೆಯಲ್ಲಿ ಮಲಗಿರುವಾಗ ಬಳೆ ಒಡೆಯುವುದು ಅಂದರೆ ಏನು ಅಂತ ನಮ್ಮ ಹೆಂಗಸರಿಗೆ ಹೇಳಬೇಕಾಗಿಲ್ಲ. ಒಂದು ಕ್ಷಣ ನೋವಿಗಿಂತ ಆ ಭಯವೇ ದೊಡ್ಡದಾಯಿತು. ಆಮೇಲೆ ಹಿಂದಿಯಲ್ಲಿ ಹೇಳಿದೆ, ಗಲ್ಲಿಗೆಲ್ಲ ಕೇಳುವ ಹಾಗೆ:

"ಇವರು ಎರಡು ಸಲ ಬೀಗದ ಕೈ ಕೇಳಿದರು. ಎರಡು ಸಲವೂ ನಾನು ಕೊಡಲಿಲ್ಲ. ಪೂಜೆಯಾದ ಮೇಲೆ ಇಲ್ಲಿಗೆ ತರಲು ಹೇಳಿ ಅಂದರು, ಅದನ್ನೂ ನಾನು ಹೇಳಲಿಲ್ಲ. ಇವರು ಮೊಟ್ಟೆ ತಿಂದಿದ್ದರು, ಅದಕ್ಕೆ ಕೊಡಲಿಲ್ಲ."

ಪಂಕ್ಚರ್ ಅಂಗಡಿಯವನು "ಹೇ ರಾಮ್" ಅಂದ. ಹಿಂದೆ ಯಾರೋ ನಕ್ಕರು. ಮೈದುನ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದ.

"ಮೊಟ್ಟೆ," ಅಂದ. "ನಾನೂ ತಿಂತೇನೆ ಅತ್ತಿಗೆ. ಗೊತ್ತುಂಟಾ ನಿಮಗೆ? ಇಲ್ಲೇ, ಇವನ ಪಕ್ಕದಲ್ಲಿ ಕೂತು ತಿಂದಿದ್ದೇನೆ. ನಾಲ್ಕು ವರ್ಷದಿಂದ. ಆ ಕೈಯಲ್ಲೇ ನಿಮ್ಮ ದೇವರಿಗೆ ಹೂ ತಂದು ಕೊಟ್ಟಿದ್ದೇನೆ."

ಮಿಸ್ತ್ರಿಯ ಕೈಯ ಮೇಲಿಂದ ನನ್ನ ಕೈ ತೆಗೆಯಲಿಲ್ಲ.

"ಅಣ್ಣ ಸತ್ತಿದ್ದರೆ?"

"ಸತ್ತಿದ್ದರೆ ನನ್ನನ್ನ ಹೊಡೀಬೇಕಿತ್ತು. ಈಗಲೂ ಹೊಡಿ. ಅವರನ್ನ ಬಿಡು."

ರಾಡನ್ನು ಎಸೆದ. ಅದು ಶೆಡ್ಡಿನ ತಗಡಿಗೆ ಬಡಿದು ನನ್ನ ಕಾಲ ಹತ್ತಿರವೇ ಬಿತ್ತು. ಜನರನ್ನು ತಳ್ಳಿಕೊಂಡು ನಡೆದುಹೋದ, ಅಡಿಗೆಯವರೂ ತಲೆ ತಗ್ಗಿಸಿ ಹಿಂದೆಯೇ ಹೋದರು.

ಮಿಸ್ತ್ರಿಯನ್ನು ಸೈಕಲ್ ರಿಕ್ಷಾದಲ್ಲಿ ಕೂರಿಸಿಕೊಂಡು ಹತ್ತಿರದ ಮೂಳೆ ಡಾಕ್ಟರ ಹತ್ತಿರ ಹೋದೆ. ನನ್ನ ಸೆರಗನ್ನೇ ಹರಿದು ಅವರ ಕೈಗೆ ಸುತ್ತಿದ್ದೆ, ಉಳಿದದ್ದನ್ನು ನನ್ನ ಮಣಿಕಟ್ಟಿಗೆ. ಬಲಗೈಯ ನಡುಬೆರಳು ಮತ್ತು ಉಂಗುರದ ಬೆರಳು ಮುರಿದಿದ್ದವು. ಹೇಗಾಯಿತು ಅಂತ ಡಾಕ್ಟರು ಕೇಳಿದರು.

"ಇಂಜಿನ್ ಬಿತ್ತು" ಅಂದರು ಮಿಸ್ತ್ರಿ.

"ಮೂಗಿನ ಮೇಲೂ ಬಿತ್ತಾ?"

"ದೊಡ್ಡ ಇಂಜಿನ್ನು, ಸಾಹೇಬರೇ."

ಹೊರಗೆ ಬೆಂಚಿನ ಮೇಲೆ ಕೂತಾಗ ಯಾಕೆ ಹಾಗೆ ಹೇಳಿದಿರಿ ಅಂತ ಕೇಳಿದೆ. ಪೊಲೀಸರು ಬಂದರೆ ತಿಂಗಳುಗಟ್ಟಲೆ ಶೆಡ್ಡಿಗೆ ಬೀಗ, ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ ಅಂದರು. ಅದಕ್ಕಿಂತ ಮೊದಲಿನದನ್ನು ಕೇಳಲು ನನಗೆ ಧೈರ್ಯ ಬೇಕಾಯಿತು. "ಅವನು ಕೇಳಿದಾಗ ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಹೆಂಗಸಿನ ಮೇಲೆ ಹಾಕಿ ತಪ್ಪಿಸಿಕೊಂಡ ಅಂತ ಆ ಪಂಕ್ಚರಿನವನು ಸಾಯುವವರೆಗೆ ಹೇಳುತ್ತಿದ್ದ." ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಮತ್ತೆ ಅಂದರು: "ನೀವೇ ಹೇಳುತ್ತೀರಿ ಅಂದುಕೊಂಡೆ ಭಾಭಿಜಿ. ಹೇಳಿದಿರಿ. ಸ್ವಲ್ಪ ತಡವಾಯಿತು."

ಮರುದಿನ ನಮ್ಮವರಿಗೆ ಎಚ್ಚರ ಬಂದಾಗ ಎಲ್ಲ ಹೇಳಿದೆ. ಹರಿದ ತುಟಿಯಲ್ಲಿ ಮಾತು ನಿಧಾನ. "ಎರಡು ಕಾಲೂ ಇಟ್ಟು ಬ್ರೇಕಿನ ಮೇಲೆ ನಿಂತೆ ಮಾರಾಯ್ತಿ. ನಿಲ್ಲಲಿಲ್ಲ." ಆಮೇಲೆ, "ಅವನು ಹೇಳಿದ ಒಂದು ಮಾತನ್ನ ನನಗೆ ಹೇಳಲಿಕ್ಕೆ ಆಗಲಿಲ್ಲವಾ ನಿನಗೆ?" ಅಂದು ಗೋಡೆಯ ಕಡೆ ಮುಖ ಮಾಡಿದರು. ಹನ್ನೊಂದು ದಿನ ನನ್ನ ಜೊತೆ ಬೇಕಾದಷ್ಟೇ ಮಾತು. ಹನ್ನೆರಡನೇ ದಿನ ಗಂಜಿಗೆ ಉಪ್ಪು ಕಡಿಮೆ ಅಂತ ಬೈದರು. ಆ ಬೈಗುಳವನ್ನೂ ಉಪಕಾರ ಅಂತಲೇ ಎಣಿಸಿದೆ. ಮೈದುನ ಮೂರು ವಾರ ಊಟಕ್ಕೆ ಮನೆಗೆ ಬರಲಿಲ್ಲ. ಆಮೇಲೆ ಬಂದ, ತಲೆ ತಗ್ಗಿಸಿ ಉಂಡ, ಬಡಿಸಿ ಅಂತ ಕೇಳಲಿಲ್ಲ, ನಾನು ಬಡಿಸುವುದು ನಿಲ್ಲಿಸಲಿಲ್ಲ.

ಗಾಡಿಯ ಮುಖ ಬಡಿದು ನೇರ ಮಾಡಿಸಿ ತರುವಷ್ಟರಲ್ಲಿ ಚಳಿ ಶುರುವಾಯಿತು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಮಿಸ್ತ್ರಿಯ ಪ್ಲಾಸ್ಟರ್ ಬಿಚ್ಚಿದ್ದಾರೆ ಅಂತ ಕೇಳಿ, ಬೀಗದ ಕೈ ತೆಗೆದುಕೊಂಡು ಬೆಳಿಗ್ಗೆ ಶೆಡ್ಡಿಗೆ ನಡೆದೆ. ಪೈಪ್ ಅವರೇ ಬಿಗಿಯಲಿ, ಟ್ರಯಲ್ ಅವರೇ ಹೊಡೆಯಲಿ, ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ.

ಬೀಗದ ಕೈ ಚಾಚಿದೆ. ಅವರು ತೆಗೆದುಕೊಳ್ಳದೆ ತಮ್ಮ ಬಲಗೈಯನ್ನು ನನ್ನ ಮುಂದೆ ಹಿಡಿದು ಮುಷ್ಟಿ ಕಟ್ಟಿದರು. ನಡುಬೆರಳು ಅರ್ಧ ಬಾಗಿತು. ಉಂಗುರದ ಬೆರಳು ಬಾಗಲೇ ಇಲ್ಲ, ನೆಟ್ಟಗೆ ನಿಂತಿತ್ತು.

"ಸ್ಪ್ಯಾನರ್ ಹಿಡಿದರೆ ಜಾರುತ್ತದೆ. ದೊಡ್ಡ ನಟ್ಟು ಈಗ ಎಡಗೈಯಲ್ಲಿ ಕಲಿಯುತ್ತಿದ್ದೇನೆ."

"ಕ್ಷಮಿಸಿ" ಅಂದೆ. ಹಿಂದಿಯಲ್ಲಿ ಆ ಮಾತು ಬಹಳ ಚಿಕ್ಕದು.

"ಗಾಡಿ ಬೇರೆ ಕಡೆ ತೋರಿಸಿ ಭಾಭಿಜಿ. ಒಳ್ಳೆಯ ಇಂಜಿನ್ ಅದು, ಹತ್ತು ವರ್ಷ ಓಡುತ್ತದೆ. ನನ್ನ ಹತ್ತಿರ ಮಾತ್ರ ತರಬೇಡಿ." ಸಿಟ್ಟಿನಲ್ಲಿ ಹೇಳಲಿಲ್ಲ. ಹೇಳಿ, ಎಡಗೈಯಲ್ಲಿ ಸ್ಪ್ಯಾನರ್ ಎತ್ತಿಕೊಂಡು ಯಾವುದೋ ಸ್ಕೂಟರಿನ ಪಕ್ಕ ಕೂತರು.

ಅಲ್ಲಿ ಇನ್ನೂ ನಿಲ್ಲಲು ನನಗೆ ಹಕ್ಕಿರಲಿಲ್ಲ. ಮನೆಗೆ ಬಂದು ಬೀಗದ ಕೈಯನ್ನು ಮೊಳೆಗೆ ಸಿಕ್ಕಿಸಿದೆ. ಬೆಳಿಗ್ಗೆ ತರಕಾರಿಯ ತಳ್ಳುಗಾಡಿಯವನಿಂದ ಕೊಂಡ ಎರಡು ಕಿಲೋ ಬಟಾಣಿ ಮೇಜಿನ ಮೇಲೆ ಹಾಗೇ ಇತ್ತು. ಚಪ್ಪಲಿ ಬಿಟ್ಟು, ಕೈ ತೊಳೆದು, ಮೊರ ಹಾಕಿಕೊಂಡು ಸುಲಿಯಲು ಕೂತೆ.